ಹಿಂದಕ್ಕೆ ಮುಖ ಮಾಡಿ ಕೂರುವ ಮೊಮ್ಮಗಳು

ಯಲ್ದೂರು
ಭಾನುವಾರ, ೧೮ ಮೇ ೨೦೨೫

ಮಾಸ್ತಿಯ ಮಹಾರಾಣಿ, ನನ್ನ ಬೀಗಿತ್ತಿ, ಅದೆಲ್ಲಕ್ಕೂ ಮೊದಲು ಕ್ಯಾಲನೂರಿನಲ್ಲಿ ನನ್ನ ಜಡೆ ಹಿಡಿದು ಎಳೆದಾಡಿದ ಆದಿಲಕ್ಷ್ಮಿಗೆ,

ಪರದೆ ಏಳಲಿ! ಹಾರ್ಮೋನಿಯಂ ನುಡಿಯಲಿ! ಫೋನು ಎತ್ತದೆ ಮುನಿಸಿಕೊಂಡು ಕೂತವಳ ಮುಂದೆ ಕಾಗದ ಹಿಡಿದು ಬಂದಿದ್ದೇನೆ. ಓದದೆ ಒಲೆಗೆ ಹಾಕಿದೆಯೋ, ನಾಟಕದ ಮೇಷ್ಟ್ರು ನಮ್ಮಪ್ಪ ಸೊಣ್ಣಪ್ಪನವರ ಮೇಲಾಣೆ, ನಿನ್ನ ಮನೆ ಮುಂದೆ ನಿಂತು ಇದನ್ನೇ ಜೋರಾಗಿ ಓದುತ್ತೇನೆ. ನನ್ನ ಗಂಟಲು ನಿನಗೆ ಗೊತ್ತು. ಮಾಸ್ತಿ ಬಸ್‌ಸ್ಟಾಂಡಿನವರೆಗೂ ಕೇಳಿಸುತ್ತದೆ.

ಗುರುವಾರ ನೀನು ಬರಲೇಬೇಕು. ಬಾಣಂತನ ಮುಗಿಸಿ ನನ್ನ ಮಗಳು ಶ್ರೀವಾಣಿ ನಿನ್ನ ಮೊಮ್ಮಗಳೊಂದಿಗೆ ನಿಮ್ಮ ಮನೆಗೆ ಹೊರಡುವ ದಿನ. "ಮಗೂನ ನನ್ನ ಮಡಿಲಲ್ಲೇ ಕರ್ಕೊಂಡೋಗ್ಬೇಕು ಕಣೇ ಶಾಮಿ. ನಮ್ಮತ್ತೆ ಹಂಗೇ ತಂದ್ರು, ಅವರತ್ತೇನೂ ಹಂಗೇ ತಂದ್ರು. ಆ ಪ್ಲಾಸ್ಟಿಕ್ ಬುಟ್ಟಿಗೆ ಬಿಗಿದು ಕೂರಿಸ್ತೀರಾದ್ರೆ ನಾನ್ಯಾಕೆ ಬರ್ಲಿ? ನೀವೇ ತಂದು ಬಿಟ್ಟೋಗಿ" ಎಂದು ಫೋನಿಟ್ಟೆ. ಅಪ್ಪನ ತಾಯಿ ಬಾರದೆ ಮಗು ತನ್ನ ಮನೆಗೆ ಹೋಗುವುದುಂಟೇ? ಅದಕ್ಕೇ ಈ ಕಾಗದ.

ನಿನ್ನ ಸೊಸೆಯನ್ನು ಬೈಯಬೇಡ. ನಾನೂ ಮೊದಲು ನಿನ್ನ ಪಕ್ಷದವಳೇ. "ಅಜ್ಜಿ ಮಡಿಲಿಗಿಂತ ಭದ್ರ ಯಾವುದೇ?" ಎಂದು ದುರ್ಯೋಧನನ ಹಾಗೆ ತೊಡೆ ತಟ್ಟಿಯೇ ಅವಳನ್ನು ಕೇಳಿದ್ದೆ.

ಆಮೇಲೊಂದು ದಿನ ಚುಚ್ಚುಮದ್ದು ಹಾಕಿಸಲು ಶ್ರೀನಿವಾಸಪುರಕ್ಕೆ ಹೊರಟೆವು. ನಿನ್ನ ಮಗ ಅರುಣ್‌ಕುಮಾರ್ ಕಾರು ಓಡಿಸುತ್ತಿದ್ದ, ಮೆಲ್ಲಗೇ ಓಡಿಸುತ್ತಿದ್ದ. ಮಗು ನನ್ನ ಮಡಿಲಲ್ಲಿ. ಮಾವಿನಕಾಯಿ ತುಂಬಿದ ಟ್ರ್ಯಾಕ್ಟರೊಂದು ತೋಟದಿಂದ ಸೀದಾ ರಸ್ತೆಗೆ ನುಗ್ಗಿತು. ಅರುಣ ಬ್ರೇಕ್ ಒತ್ತಿದ.

ಆದಿ, ಇಲ್ಲಿ ನಾಟಕ ಬೇಡ. ನನ್ನ ಕೈ ಬಿಟ್ಟುಹೋಯಿತು. ಬಾವಿಯಲ್ಲಿ ನೀರು ಸೇದಿದ, ಇಷ್ಟು ಜನಕ್ಕೆ ಮುದ್ದೆ ತಿರುವಿ ಹಾಕಿದ ಕೈ ಇದು. ಮಗು ಮುಂದಿನ ಸೀಟಿನ ಬೆನ್ನಿಗೆ ತಗುಲಿ ನನ್ನ ಕಾಲ ಬಳಿ ಬಿತ್ತು. ಅದು ಅತ್ತ ಮೇಲೆಯೇ ನನಗೆ ಉಸಿರು ಬಂದದ್ದು. ಏನೂ ಆಗಿಲ್ಲ ಎಂದು ಡಾಕ್ಟರು ಹೇಳಿದರು. ನಿನಗೆ ತಿಳಿಸಬೇಡಿ ಎಂದು ಅವರಿಬ್ಬರ ಬಾಯಿ ಕಟ್ಟಿದವಳು ನಾನೇ.

ಮರುದಿನವೇ, ನೀನು ಪ್ಲಾಸ್ಟಿಕ್ ಬುಟ್ಟಿ ಎಂದೆಯಲ್ಲ, ಕಾರಿನಲ್ಲಿ ಮಗುವನ್ನು ಕೂರಿಸುವ ಆ ಸೀಟು ತರಲು ಕೋಲಾರದ ಅಂಗಡಿಗೆ ಹೋದೆವು. ಕೆಂಪು ಮಕಮಲ್ಲಿನಂಥ ಬಟ್ಟೆ, ಸುತ್ತ ಬಂಗಾರದ ಬಣ್ಣದ ಅಂಚು, ಅಂಥದ್ದೊಂದನ್ನು ನಾನು ಹಿಡಿದು ನಿಂತೆ. "ಬಣ್ಣ ನೋಡಿ ತಗೊಳ್ಳೋಕೆ ಇದೇನು ಸೀರೆನಾಮ್ಮ? ಅದು ದೊಡ್ಡ ಮಕ್ಕಳದು. ನಮ್ ಪಾಪು ತೂಕಕ್ಕೆ, ಎತ್ತರಕ್ಕೆ ಸರಿಹೋಗ್ಬೇಕು, ನಮ್ ಕಾರಲ್ಲೂ ಅಲ್ಲಾಡದಂಗೆ ಕೂರ್ಬೇಕು" ಎಂದಳು ಶ್ರೀವಾಣಿ. ಅಂಗಡಿಯವರನ್ನು ಕೇಳಿ ಕಾರಿನಲ್ಲೇ ಇಟ್ಟು ನೋಡಿ, ಒಂದನ್ನು ಬಿಟ್ಟು ಇನ್ನೊಂದನ್ನು ತಂದೆವು. ಪಕ್ಕದ ಮನೆ ಹಜೀರಾ ತನ್ನ ಮೊಮ್ಮಗನ ಹಳೆಯದನ್ನೇ ಕೊಡಲು ಬಂದಿದ್ದಳು. ಆಮೇಲೆ ತಾನೇ ನೆನಪಿಸಿಕೊಂಡು, "ಬ್ಯಾಡ ಅಕ್ಕಾ, ಒಂದ್ಸಲ ಕಾರು ಗುದ್ದಿದಾಗ ಈ ಸೀಟು ಅದ್ರಲ್ಲೇ ಇತ್ತು. ಏಟು ತಿಂದಿರೋದು ಬ್ಯಾಡ" ಎಂದು ವಾಪಸು ಒಯ್ದಳು.

ಶ್ರೀವಾಣಿ, ಅರುಣ ಊಟಕ್ಕೆ ಕೂತಾಗ ನಾನೇ ಹೊಸ ಸೀಟನ್ನು ಕಾರಿನಲ್ಲಿ ಪ್ರತಿಷ್ಠಾಪಿಸಿದೆ! ಡ್ರೈವರ್ ಪಕ್ಕದಲ್ಲಿ, ರಸ್ತೆಗೆ ಮುಖ ಮಾಡಿ, ಒಳಗೆ ದಪ್ಪ ಕೌದಿ ಮಡಿಸಿ ಹಾಸಿ, ಮೇಲೊಂದು ಚೆಂಡುಹೂವಿನ ಹಾರ. ಶ್ರೀವಾಣಿ ನೋಡಿ ಹಣೆ ಚಚ್ಚಿಕೊಂಡಳು. "ಅಮ್ಮಾ, ಇದೇನು ದರ್ಬಾರ್ ಸೀನಾ?" ಮುಂದೆ ಇಟ್ಟರೆ ಏರ್‌ಬ್ಯಾಗು ಸಿಡಿದು ಮಗುವಿಗೇ ಬಡಿಯುತ್ತದಂತೆ. ಹಿಂದಿನ ಸೀಟಿಗೆ ಒಯ್ದರು. ಅಲ್ಲಿಯೂ ಹಿಂದಕ್ಕೆ ಮುಖ! ನಾನು ಗುಡುಗಿದೆ: "ಯಾವ ರಾಜ ಜನಕ್ಕೆ ಬೆನ್ನು ಹಾಕಿ ಕೂತಿದ್ದಾನೇ?" "ರಾಜನ ಕತ್ತು ಬಲಿತಿರುತ್ತಮ್ಮ, ಇವಳದ್ದು ಇನ್ನೂ ಎಳಸು. ಹಿಂಗೆ ಕೂತ್ರೆ ಬ್ರೇಕ್ ಹಾಕ್ದಾಗ ತಲೆ, ಬೆನ್ನು ಎರಡನ್ನೂ ಸೀಟೇ ಹಿಡ್ಕೊಳ್ಳುತ್ತೆ" ಎಂದಳು. ಕೌದಿಯೂ ಹೊರಗೆ ಬಂತು. ಮೆತ್ತನೆಯದು ಅಮುಕಿಕೊಂಡರೆ ಪಟ್ಟಿ ಸಡಿಲವಾಗುತ್ತದೆ. ಅರುಣ ಕಾರಿನ ಬೆಲ್ಟು ಎಳೆದು ಬಿಗಿದು, ಬುಡ ಹಿಡಿದು ಅಲ್ಲಾಡಿಸಿದ. ಒಂದು ಬೆರಳಗಲ ಕೂಡ ಸರಿಯಲಿಲ್ಲ. ಮಗುವಿನ ಭುಜದ ಪಟ್ಟಿಯನ್ನು ನನ್ನ ಕೈಯಲ್ಲೇ ಚಿವುಟಿಸಿದರು. ಚಿವುಟಲು ಸಿಕ್ಕರೆ ಸಡಿಲ, ಸಿಗದಿದ್ದರೆ ಸರಿ.

ಆ ಪಟ್ಟಿ ಹಿಡಿದು ನಿಂತಾಗ ಆ ಲಾರಿ ನೆನಪಾಯಿತು ಕಣೇ. ಮುಳಬಾಗಿಲಿನ ನಾಟಕಕ್ಕೆ ಪರದೆ, ಬಣ್ಣದ ಪೆಟ್ಟಿಗೆ, ರಟ್ಟಿನ ಗದೆಗಳ ಜೊತೆ ನಾವಿಬ್ಬರೂ ಲಾರಿ ಹತ್ತಿದ್ದೆವಲ್ಲ. ನಿಮ್ಮಮ್ಮ ಕೆಳಗಿನಿಂದ "ಪಿಲ್ಲಲು ಜಾಗ್ರತ್ತ ಮೇಷ್ಟ್ರೇ!" ಎಂದು, ಮಕ್ಕಳು ಜೋಪಾನವೆಂದು, ತೆಲುಗಿನಲ್ಲಿ ಕೂಗುತ್ತಿದ್ದರು. ಅಪ್ಪ ಪರದೆಯ ಹಗ್ಗ ಬಿಚ್ಚಿ, ಲಾರಿಯಲ್ಲಿದ್ದ ಮರದ ಸಿಂಹಾಸನಕ್ಕೆ ನಮ್ಮಿಬ್ಬರ ಸೊಂಟ ಕಟ್ಟಿದರು. ನೀನು ಹೋ ಎಂದು ಅತ್ತು, ಮಡಿಲಲ್ಲಿ ಕೂರಿಸಿಕೊಳ್ಳಿ ಎಂದೆ. ಅಪ್ಪ ಏನೆಂದರು, ಹೇಳು? "ನನಗೆ ನಿದ್ದೆ ಬಂದ್ಬಿಡುತ್ತೆ ಕಣಮ್ಮ. ಹಗ್ಗಕ್ಕೆ ನಿದ್ದೆ ಬರಲ್ಲ." ಇಂದು ಯಾರೂ ಮಕ್ಕಳನ್ನು ಹಾಗೆ ಲಾರಿ ಹತ್ತಿಸಬಾರದು, ನಿಜ. ಆದರೂ ದಾರಿಯುದ್ದಕ್ಕೂ ನಾವು ಕಿರೀಟವಿಲ್ಲದ ರಾಣಿಯರಾಗಿ ನಾಟಕದ ಕಂದಪದ್ಯ ಹಾಡುತ್ತಾ ಹೋದದ್ದು, ಗಾಳಿಗೆ ಪರದೆಯ ಅಂಚು ಪಟಪಟ ಬಡಿದದ್ದು, ಕೊಬ್ಬರಿ ಎಣ್ಣೆ ಬೆರೆತ ಬಣ್ಣದ ವಾಸನೆ, ಎಲ್ಲ ಮೊನ್ನೆ ಮೊನ್ನೆಯದರಂತಿದೆ. ಅಪ್ಪನಿಗೆ ಮಡಿಲಿರಲಿಲ್ಲವೇ? ಇತ್ತು. ಅದನ್ನು ನಂಬದಷ್ಟು ಪ್ರೀತಿಯಿತ್ತು.

ನಿನ್ನ ಮಡಿಲನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಮಾಸ್ತಿಯಲ್ಲಿ ಕಾರು ನಿಂತ ಮೇಲೆ ಮಗು ನಿನ್ನ ಮಡಿಲಿಗೆ ಬರಲಿ, ಹೊಸ್ತಿಲನ್ನು ನೀನೇ ದಾಟಿಸು. ದಾರಿಯಲ್ಲಿ ಅದರ ಪಕ್ಕದ ಜಾಗವೂ ನಿನ್ನದೇ. ಶ್ರೀವಾಣಿ ಮುಂದೆ ಕೂರುತ್ತಾಳೆ. ಹಿಂದಕ್ಕೆ ತಿರುಗಿ ಕೂತ ಮಗುವಿಗೆ ರಸ್ತೆ ಕಾಣದು, ಅಪ್ಪ ಅಮ್ಮ ಕಾಣರು. ಕಾಣುವುದು ಪಕ್ಕದಲ್ಲಿ ಕೂತವರ ಮುಖ ಒಂದೇ. ನೀನೂ ಬೆಲ್ಟು ಹಾಕಿಕೋ. ನಾನು ಬರುವುದಿಲ್ಲ, ಗುರುವಾರ ತೋಟಕ್ಕೆ ಕಾಯಿ ಕೀಳುವವರು ಬರುತ್ತಾರೆ.

ಗುರುವಾರದ ಊಟಕ್ಕೆ ನಿನ್ನನ್ನು ಕಾಯುತ್ತಿರುವ,
ಊರಿಗೆಲ್ಲ ಶಾಮಲಮ್ಮ, ನಿನಗೆ ಮಾತ್ರ
ಶಾಮಿ

ಬರೆಯಬಾರದೆಂದಿದ್ದ ಮಾತು: ಕಾಯಿ ಕೀಳುವವರು ಬರುವುದು ಮುಂದಿನ ವಾರ. ನಾನು ಕಾರಿನಲ್ಲಿದ್ದರೆ ಮಗು ನನ್ನ ದನಿಗೇ ತಿರುಗುತ್ತದೆ, ನನ್ನನ್ನೇ ಹುಡುಕುತ್ತದೆ. ಮಾಸ್ತಿ ಮುಟ್ಟುವಷ್ಟರಲ್ಲಿ ಅದಕ್ಕೆ ನಿನ್ನ ಮುಖ ಗುರುತಾಗಬೇಕು. ಕೋಲಾರ ದಾಟಿದ ಮೇಲೆ ಅಳಬಹುದು. ಓಡುವ ಕಾರಿನಲ್ಲಿ ಪಟ್ಟಿ ಬಿಚ್ಚಬೇಡ, ನಿಲ್ಲಿಸಿ ಎತ್ತಿಕೋ. ಇಲ್ಲವೇ ಹಾಡು ಹೇಳು. ನಿನ್ನ ಶ್ರುತಿ ಎಂದೂ ಸರಿಯಿಲ್ಲ, ಆದರೆ ಅದು ಅವಳಿಗಿನ್ನೂ ಗೊತ್ತಾಗುವುದಿಲ್ಲ.