ವ್ಯಾಗನ್ನಿಗೆ ಕೈ ಹಚ್ಚಬೇಡ

ಪೂನಮ್,

ಮುಧೋಳದಲ್ಲಿ ಪರೀಕ್ಷೆಯ ಕೆಲಸವಿದೆ, ಸಂಜೆ ಬರುತ್ತೇನೆ. ಅಣ್ಣನಿಗೆ ಊಟವಾದ ಮೇಲೆ ಗುಳಿಗೆ ಕೊಡು.

ನಿನ್ನೆ ಮಾಡೆಲ್ ರೈಲು ಓಡಿಸುವಾಗ ಅವನ ಕೈ ನಡುಗಿ ಹಳಿ ಬದಲಿಸುವ ಗುಂಡಿ ತಪ್ಪಿ ಒತ್ತಿ, ಸಕ್ಕರೆ ವ್ಯಾಗನ್ ಬೇರೆ ಹಳಿಗೆ ಹೋಯಿತು. ನೀನು ಮರುಕದಿಂದ ಅದನ್ನು ಎತ್ತಿ ಗೋದಾಮಿನ ಮುಂದಿಟ್ಟೆ. ನೀನು ಅಡುಗೆಮನೆಗೆ ಹೋದ ಮೇಲೆ ಅವನು, "ತಮ್ಮಾ, ಖರೇ ಗೂಡ್ಸ್ ಗಾಡಿಗೆ ಮ್ಯಾಲಿಂದ ಯಾರರ ಕೈ ಬರತೈತೇನು? ಇನ್ನ ನಾ ಓಡಸೂದಿಲ್ಲ ಬಿಡು" ಅಂದ. ಲಕ್ವಾ ಹೊಡೆದಾಗಿನಿಂದ ಅವನು ಯಾರ ನೆರವೂ ಇಲ್ಲದೆ ಮಾಡುವ ಕೆಲಸ ಅದೊಂದೇ.

ತಪ್ಪು ಹಳಿಗೆ ಹೋದ ವ್ಯಾಗನ್ನನ್ನು ಎಂಜಿನ್ನೇ ಹಿಂದಕ್ಕೆ ಎಳೆದು ತರಬೇಕು, ಅದು ನಮ್ಮ ಅಣ್ಣತಮ್ಮಂದಿರ ನಿಯಮ. ನೀನು ಎತ್ತಿಟ್ಟದ್ದನ್ನು ರಾತ್ರಿ ಎಂಜಿನ್ನಿನಿಂದಲೇ ತಳ್ಳಿ ಮತ್ತೆ ಆ ತಪ್ಪು ಹಳಿಗೇ ಬಿಟ್ಟಿದ್ದೇನೆ. ಮಧ್ಯಾಹ್ನ ನೀನೇ ಸ್ವಿಚ್ ಹಾಕಿ, "ಭಾವಾರ, ಸಕ್ಕರಿ ಇನ್ನೂ ಗೋದಾಮಿಗೆ ಮುಟ್ಟಿಲ್ರಿ" ಅನ್ನು. ನೀನು ಕರೆದರೆ ಬಂದಾನು. ನನಗೆ ಒಲ್ಲೆ ಅಂದಿದ್ದಾನೆ.

ವ್ಯಾಗನ್ ಹಳಿಯಿಂದ ಉರುಳಿಬಿದ್ದರೆ ಮಾತ್ರ ಎತ್ತು, ಅದೂ ಅವನು ಕೇಳಿದರೆ. ಸಂಜೆ ನಾನು ಬಂದಾಗ ಗಾಡಿ ಅರ್ಧ ದಾರಿಯಲ್ಲೇ ನಿಂತಿದ್ದರೂ ನಿಂತಿರಲಿ. ಅಷ್ಟು ದೂರ ಅದನ್ನು ತಂದವನು ಅವನೇ ಆಗಿರುತ್ತಾನೆ.

ಶಶಿಕಾಂತ