ಮೂಲೆ ಸೇರಿದ ಗೋಲಿ

ಎಲೋ ಮೇಸ್ತ್ರಿ, ದ್ರೋಹಿಗಳ ಚಕ್ರವರ್ತಿಯೇ!

ಈ ಕಾಗದವನ್ನು ನಿನಗೆ ಕಳಿಸುವುದಿಲ್ಲ. ಕಳಿಸಿ ನಿನ್ನನ್ನು ಮೆರೆಸಲು ನನಗೇನು ಹುಚ್ಚೇ? ಆರು ವರ್ಷದಿಂದ ನನ್ನ ಎದುರಿಗೇ ಬಾರದವನು ಇಂದು ಬೆಳಿಗ್ಗೆ ನನ್ನ ವ್ಯಾಪಾರ ಕೆಡಿಸಿದೆಯಲ್ಲ!

ನನ್ನ ಆ ಮನೆ ಕೊಳ್ಳಲು ಟೀಚರಮ್ಮ ಒಬ್ಬರು ಬಂದಿದ್ದರು. ಕಿಟಕಿಯ ಕೆಳಗೆ ಮೆಟ್ಟಿಲಿನಂತೆ ಇಳಿದಿದ್ದ ಬಿರುಕಿಗೆ ಮೂರನೆಯ ಸಲ ಗಾರೆ ಮೆತ್ತಿಸಿ ಬಣ್ಣ ಹೊಡೆಸಿದ್ದೆ. ಸಿಕ್ಕಿಕೊಳ್ಳುತ್ತಿದ್ದ ಬಾಗಿಲನ್ನು ಹೆರೆಸಿದ್ದೆ. ನಾಟಕದವನಲ್ಲವೇ ನಾನು, ರಂಗ ಸಜ್ಜಾಗಿತ್ತು! ನಾನು ಗಂಟಲೆತ್ತಿ ಮನೆಯನ್ನು ಹೊಗಳುತ್ತಿದ್ದರೆ ಆಕೆ ಚೀಲದಿಂದ ಗಾಜಿನ ಗೋಲಿಯೊಂದನ್ನು ತೆಗೆದು ನೆಲಕ್ಕಿಟ್ಟರು. ಅದು ನೆಟ್ಟಗೆ ಉರುಳಿ ಹಿಂದಿನ ಮೂಲೆ ಸೇರಿತು. ಆರು ವರ್ಷದ ಹಿಂದೆ ನಾನು ಈ ಮನೆ ಕೊಳ್ಳಹೊರಟಾಗ ನೀನು ಉರುಳಿಸಿದ್ದ ಗೋಲಿ ಸೇರಿದ್ದ ಅದೇ ಮೂಲೆ!

"ಇಲ್ಲಿ ಅಡಿಪಾಯ ಕುಸಿದಿದೆ ಅಲ್ವಾ ಸಾರ್?"

"ಯಾರಮ್ಮ ನಿಮ್ಮ ತಲೆ ಕೆಡಿಸಿದ್ದು?"

"ನಮ್ಮ ಶಾಲೆ ಕಟ್ಟಿದ ಮೇಸ್ತ್ರಿ. ಗೋಡೆ ಬಣ್ಣ ಬಿಡಿ, ಮೊದಲು ನೆಲ ನೋಡಿ ಅಂದ್ರು. ಹಿಂದೆ ಒಂದು ಮನೆ ನೋಡಿ, ಕೆಳಗೆ ಮುಚ್ಚಿದ ಬಾವಿ ಇದೆ, ತಗೋಬೇಡ ಕಣೋ ಅಂತ ಅವರ ಸ್ನೇಹಿತನಿಗೂ ಹೇಳಿದ್ರಂತೆ. ಅವನು ಎಲ್ಲರ ಮುಂದೆ ಇವರನ್ನೇ ಪುಕ್ಕಲ ಅಂತ ಬೈದು ಆಚೆಗೆ ಅಟ್ಟಿದ್ನಂತೆ. ಯಾರೋ, ನಿಮಗೆ ಗೊತ್ತಾ ಸಾರ್?"

"ಗೊತ್ತಿಲ್ಲ," ಎಂದೆ. ಪ್ರೇಕ್ಷಕರ ಕೊನೆಯ ಸಾಲಿಗೂ ಮುಟ್ಟುವ ನನ್ನ ಗಂಟಲು ಎದುರಿಗಿದ್ದ ಆಕೆಗೂ ಕೇಳಿಸಲಿಲ್ಲ.

ಆಕೆ ಗೋಲಿಯನ್ನು ಬಿಟ್ಟು ಹೋದರು. ಹಾಳಾದ್ದನ್ನು ಹತ್ತು ಸಲ ಬಾಗಿಲ ಬಳಿ ತಂದಿಟ್ಟೆ. ಹತ್ತು ಸಲವೂ ಆ ಮೂಲೆಗೇ ಹೋಯಿತು, ನಿನ್ನಷ್ಟೇ ಹಟಮಾರಿ!

ನಾಳೆ ಆ ಮೂಲೆಯನ್ನು ಅಗೆಸುತ್ತೇನೆ. ಅದಕ್ಕೊಬ್ಬ ಒಳ್ಳೆಯ ಮೇಸ್ತ್ರಿ ಬೇಕು. ನಿನ್ನನ್ನಂತೂ ಕರೆಯುವುದಿಲ್ಲ, ತಿಳಿಯಿತೇ?