ಮೂವತ್ತಕ್ಕೆ ಮೂವತ್ತು ರೋಜಾ

ನ್ಯಾಮತಿ, ರಂಜಾನ್ ಹಬ್ಬದ ಮಧ್ಯಾಹ್ನ

ಮಣ್ಣಿನಡಿ ಮಲಗಿರುವ ನನ್ನ ಅಮ್ಮಿಗೆ, ಮಗಳ ಸಲಾಂ.

ಶೀರ್‌ಖುರ್ಮಾ ಹಂಚಿ ಈಗಷ್ಟೇ ಕೂತೆ. ಅತ್ತೆ ತಾಜ್‌ಬೀ ಬೆಳಗಿನಿಂದ ಓಣಿಗೆಲ್ಲ ಸಾರಿದ್ದೇ ಸಾರಿದ್ದು: "ನಮ್ಮ ಸೊಸೆ ಒಂದೂ ರೋಜಾ ಬಿಟ್ಟಿಲ್ಲ ನೋಡ್ರೀ, ಮೂವತ್ತಕ್ಕೆ ಮೂವತ್ತು!" ಹೆಂಗಸರೆಲ್ಲ ನನ್ನ ತಲೆ ಸವರಿದರು. ಪಕ್ಕದ ಮನೆಯವಳು ಮಾತ್ರ ಕಿವಿಗೆ ಬಾಯಿಟ್ಟು, "ಏನ್ರೀ, ಸಿಹಿ ಸುದ್ದಿ ಐತಾ?" ಎಂದಳು. ಮುಟ್ಟಾದ ದಿನ ಉಪವಾಸ ಹಿಡಿಯುವಂತಿಲ್ಲವಲ್ಲ, ಅದರ ಮೇಲೆ ಅವಳ ಲೆಕ್ಕ. ನಾನು ಒಳಗೆ ಓಡಿಬಂದೆ.

ಸಿಹಿ ಸುದ್ದಿ ಇಲ್ಲ ಅಮ್ಮಿ. ಮುಟ್ಟೇ ನಿಂತುಹೋಗಿದೆ.

ಮೂರು ವರ್ಷದ ಹಿಂದೆ ಬಸಿರು ಇಳಿದು, ಗರ್ಭಕೋಶ ಕ್ಲೀನ್ ಮಾಡಿಸಿಕೊಂಡು ಬಸವಾಪಟ್ಟಣದ ನಿನ್ನ ಮನೆಗೆ ಬಂದಿದ್ದೆನಲ್ಲ, ಆಮೇಲಿಂದ ನನಗೆ ಮುಟ್ಟು ಹೋಗುತ್ತಿದ್ದುದು ತಿಂಗಳಿಗೆ ಒಂದೇ ದಿನ, ಅದೂ ಬಟ್ಟೆಗೆ ಸೋಂಕಿದಷ್ಟು. ಆ ವರ್ಷದ ರಂಜಾನಿನಲ್ಲಿ ಬೇರೆ ಹೆಂಗಸರಿಗೆಲ್ಲ ಮುಟ್ಟಿನಿಂದ ಆರೇಳು ರೋಜಾ ತಪ್ಪಿದ್ದವು. ನಾನು ಹಬ್ಬದ ನಂತರ ತೀರಿಸಬೇಕಾದದ್ದು ಒಂದೇ. "ಅಲ್ಲಾಹ್‌ನ ಕರುಣೆ ಕಣೇ. ಸುಮ್ನೆ ಡಾಕ್ಟರ್ ಹತ್ರ ಹೋಗಾಕೆ ಯಾಕೆ ಬೇಕು?" ಎಂದಿದ್ದೆ ನೀನು. ನಾನೂ ಜಂಬದಿಂದ ಬೀಗಿದ್ದೆ. ಥೂ, ನನ್ನ ಬುದ್ಧಿಗಿಷ್ಟು!

ಹೋದ ವಾರ ನನ್ನ ಗಂಡ ಅಫ್ರೋಜ್ ದಾವಣಗೆರೆಗೆ ಕರೆದೊಯ್ದ. ಪರೀಕ್ಷೆ ಮಾಡಿದ ಡಾಕ್ಟರಮ್ಮ, "ಕಡಿಮೆ ಹೋಗಾಕೆ ಥೈರಾಯ್ಡ್, ಚಿಂತೆ, ತೂಕ ಇಳಿಯೋದು, ಏನೇನೋ ಕಾರಣ ಇರ್ತಾವೆ. ನಿಮಗೆ ಕ್ಲೀನ್ ಮಾಡಿದ ಮೇಲೆ ಗರ್ಭಕೋಶದ ಒಳಗೋಡೆ ಒಂದಕ್ಕೊಂದು ಅಂಟಿಕೊಂಡೈತೆ. ಇಷ್ಟು ದಿನ ಏನ್ ಮಾಡ್ತಿದ್ರಿ?" ಎಂದರು. ಪುಣ್ಯ ಎಂದುಕೊಂಡಿದ್ದೆವು ಎಂದು ಯಾವ ಬಾಯಲ್ಲಿ ಹೇಳಲಿ?

ನಿನ್ನ ಮೇಲೆ ಸಿಟ್ಟು ಬಂತು. ಸತ್ತವಳೊಡನೆ ಜಗಳವಾಡುವುದು ಹೇಗೆ? ಪಾತ್ರೆ ಕುಕ್ಕಿದೆ, ಕಣ್ಣೀರು ಹಾಕಿದೆ, ಕೊನೆಗೆ ಸಿಟ್ಟು ಇಳಿಯಿತು. ನಿನಗಾದರೂ ಯಾರು ಹೇಳಿಕೊಟ್ಟಿದ್ದರು, ಪಾಪ.

ಬರುವ ಗುರುವಾರ ಆಪರೇಷನ್. ಅಂಟಿದ್ದನ್ನು ಬಿಡಿಸುತ್ತಾರಂತೆ, ಮಗುವಾಗುತ್ತದೆಂದು ಮಾತ್ರ ಮಾತು ಕೊಡಲಿಲ್ಲ. ಭಯವಾಗುತ್ತಿದೆ. ನೀನಿದ್ದಿದ್ದರೆ ಒಳಗೆ ಕರೆದೊಯ್ಯುವವರೆಗೂ ನನ್ನ ಕೈ ಹಿಡಿದುಕೊಂಡು, ಆಮೇಲೆ ಹೊರಗೆ ಕೂತಿರುತ್ತಿದ್ದೆ. ಅತ್ತೆಗೆ ಇನ್ನೂ ಹೇಳಿಲ್ಲ. ಹೊರಗೆ ಇನ್ನೂ ನನ್ನನ್ನೇ ಹೊಗಳುತ್ತಿದ್ದಾರೆ.

ನಿನ್ನ ಗೋರಿ ತಂಪಾಗಿರಲಿ ಅಮ್ಮಿ. ಅಲ್ಲಿಂದಲೇ ನನಗಾಗಿ ಒಂದು ದುವಾ ಮಾಡು: ಮುಂದಿನ ರಂಜಾನಿನಲ್ಲಿ ನಿನ್ನ ಮಗಳಿಗೆ ಏಳು ರೋಜಾ ತಪ್ಪಲಿ.

ನಿನ್ನವಳೇ,
ಸಾಜಿದಾ